ಇಲ್ಲದ ಜ್ವರದ ರಜಾ ಅರ್ಜಿ



ಪಂಚನಹಳ್ಳಿಗೆ ವರ್ಗವಾಗಿ ಬರುವ ಮೊದಲು ನಾನು ಬೇರೊಂದು ಊರಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಅಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೆಲವು ದಿನ ಶಾಲೆಗೆ ಬರಲಿಲ್ಲ. ಬಂದ ದಿನ ರಜಾ ಅರ್ಜಿ ಕೊಟ್ಟಳು. ‘ಐ ಆಮ್ ಸಫರಿಂಗ್ ಫ್ರಮ್ ಫೀವರ್.’ ಒಂದೂ ತಪ್ಪಿಲ್ಲ. ಕೆಂಪು ಶಾಯಿಯಲ್ಲಿ ‘ಗುಡ್’ ಎಂದು ಬರೆದೆ. ಅವಳ ತಂದೆ ತೀರಿಕೊಂಡಿದ್ದರೆಂದು ಸಂಜೆ ಬೇರೆಯವರಿಂದ ತಿಳಿಯಿತು. ನಾನು ಕಲಿಸಿದ್ದು ಅದೊಂದೇ ಅರ್ಜಿ. ಅದರಲ್ಲಿ ಜ್ವರ ಬಿಟ್ಟು ಬೇರೆ ಕಷ್ಟಕ್ಕೆ ಜಾಗವಿರಲಿಲ್ಲ.

ಇಲ್ಲಿಗೆ ಬಂದ ಮೇಲೆ ಮಾದರಿ ಅರ್ಜಿಯನ್ನು ಬೋರ್ಡಿನ ಮೇಲೆ ಬರೆಯುವುದನ್ನು ಬಿಟ್ಟೆ. ಮನೆಯಲ್ಲಿ ಇಂಗ್ಲಿಷ್ ಅಚ್ಚಾದದ್ದು ಏನಿದ್ದರೂ ತನ್ನಿ ಎಂದೆ. ಮಾತ್ರೆಯ ಪೊಟ್ಟಣ, ಬ್ಯಾಂಕಿನ ಚಲನ್, ಗೊಬ್ಬರದ ಚೀಲದ ತುಂಡು ಬಂದವು. ಒಬ್ಬ ಪುಣ್ಯಾತ್ಮ ಕೀಟನಾಶಕದ ಖಾಲಿ ಡಬ್ಬಿಯನ್ನೇ ತಂದ! ಅವನನ್ನು ಕೈ ತೊಳೆಯಲು ಕಳಿಸಿ, ಡಬ್ಬಿಯನ್ನು ಕಿಟಕಿಯಾಚೆ ಇಟ್ಟು ಪಾಠ ಶುರು ಮಾಡಿದೆ. ಕೆಂಪು ತ್ರಿಕೋನವಿದ್ದರೆ ಘೋರ ವಿಷ, ನಂತರ ಹಳದಿ, ನೀಲಿ, ಹಸಿರು. ಹಸಿರೆಂದರೆ ವಿಷವೇ ಅಲ್ಲ ಎಂದಲ್ಲ. ‘ಕೀಪ್ ಔಟ್ ಆಫ್ ದ ರೀಚ್ ಆಫ್ ಚಿಲ್ಡ್ರನ್’ ಎಂಬ ಸಾಲು ಓದಿದಾಗ ಹಿಂದಿನ ಬೆಂಚಿನವನು, “ಇಲ್ಲಿ ಪ್ಲೀಸ್ ಯಾಕಿಲ್ಲ ಸಾರ್?” ಅಂದ. ವ್ಯಾಕರಣ ಪುಸ್ತಕ ಹಿಡಿದು ವರ್ಷವಿಡೀ ಹೇಳಿದ್ದರೂ ಆ ಪ್ರಶ್ನೆ ಬರುತ್ತಿರಲಿಲ್ಲ. ಡಬ್ಬಿ ಎಚ್ಚರಿಸುತ್ತದೆ, ಅರ್ಜಿ ಕೇಳಿಕೊಳ್ಳುತ್ತದೆ. ಅದಕ್ಕೇ ಎರಡರ ಕ್ರಿಯಾಪದ ಬೇರೆ.

ಕನ್ನಡದಲ್ಲಿ ಇದು ಮಕ್ಕಳಿಗೆ ಗೊತ್ತಿರುವುದೇ. ಲಗ್ನಪತ್ರಿಕೆಯಲ್ಲಿ ‘ಸಕುಟುಂಬ ಸಮೇತರಾಗಿ ಆಗಮಿಸಿ’ ಎಂದು ಅಚ್ಚು ಹಾಕಿಸಿದವರೇ ಅದನ್ನು ಕೈಗೆ ಕೊಡುವಾಗ “ಎಲ್ರೂ ಬಂದ್ಬಿಡ್ರಪ್ಪ” ಅನ್ನುತ್ತಾರೆ. ಪತ್ರಿಕೆಯ ಮಾತನ್ನು ಬಾಗಿಲಲ್ಲಿ ನಿಂತು ಆಡಿದರೆ ನಗುತ್ತೇವೆ.

“ಇದೆಲ್ಲ ಪರೀಕ್ಷೆಗೆ ಬರುತ್ತಾ ಮೇಷ್ಟ್ರೇ?” ಎಂದು ಪೋಷಕರು ಕೇಳಿದ್ದುಂಟು. ನ್ಯಾಯವಾದ ಪ್ರಶ್ನೆ. ಎಸ್.ಎಸ್.ಎಲ್.ಸಿ.ಯಲ್ಲಿ ಪತ್ರಲೇಖನಕ್ಕೆ ಅಂಕವಿದೆ. ವಿಳಾಸ, ದಿನಾಂಕ, ಒಕ್ಕಣೆ ಎಲ್ಲಿರಬೇಕೆಂದು ಕಲಿಸಲೇಬೇಕು, ಕಲಿಸಿದೆ. ‘ಬಿಕಾಸ್’ ನಂತರದ ಸಾಲನ್ನು ಮಾತ್ರ ಖಾಲಿ ಬಿಡುತ್ತಿದ್ದೆ.

ಆ ಖಾಲಿ ಸಾಲಿನಲ್ಲಿ ಹಸು ಕರು ಹಾಕಿತು, ಅಡಿಕೆ ಕೊಯ್ಲು ಬಂತು. ಒಬ್ಬಳು, ಅಜ್ಜಿ ಆಸ್ಪತ್ರೆಯಲ್ಲಿದ್ದಾರೆ, ಅವ್ವ ಒಬ್ಬಳೇ ಇದ್ದಾಳೆ ಎಂದು ತನ್ನದೇ ಇಂಗ್ಲಿಷಿನಲ್ಲಿ ಬರೆದಿದ್ದಳು. ಸ್ಪೆಲ್ಲಿಂಗ್ ಮೂರು ಕಡೆ ತಪ್ಪಿತ್ತು. ಮೊದಲು ರಜೆ ಕೊಟ್ಟೆ. ತಪ್ಪುಗಳನ್ನು ಅವಳು ತಿರುಗಿ ಬಂದ ಮೇಲೆ ಇಬ್ಬರೂ ಕೂತು ತಿದ್ದಿದೆವು.