ಕೈ ಎತ್ತಲು ಬಿಡುವ ಬಟ್ಟೆ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತು)



ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು ಕಂಪ್ಯೂಟರ್ ಬಗ್ಗೆ ಹೇಳುತ್ತಾನೆ ಎಂದುಕೊಂಡಿರುತ್ತೀರಿ. ನಾನು ಹೇಳಹೊರಟಿರುವುದು ಹೊಲಿಗೆಯ ಬಗ್ಗೆ. ನಮ್ಮವ್ವ ಈ ಕೊಕ್ಕರೆ ಬೆಳ್ಳೂರಿನಲ್ಲೇ ಬಟ್ಟೆ ಹೊಲಿದು ನಮ್ಮಿಬ್ಬರನ್ನೂ ಓದಿಸಿದಳು. ಕಾಜಾ ಹಾಕುವುದು, ಗುಂಡಿ ಕಟ್ಟುವುದು, ಅಂಚು ಮಡಿಸುವುದು ನನ್ನ ಪಾಲಿನ ಕೆಲಸ.

ನಾನು 10ನೇ ತರಗತಿಯಲ್ಲಿದ್ದಾಗ ತಂಗಿ 8ನೇ ತರಗತಿಗೆ ಬಂದಳು. ಅವಳ ಚೂಡಿದಾರ್ ಸಮವಸ್ತ್ರವನ್ನು ಅವ್ವನೇ ಹೊಲಿದಿದ್ದಳು. ಸಂಕ್ರಾಂತಿ ಹೊತ್ತಿಗೆ ಹುಡುಗಿ ಬೆಳೆದು, ಟಾಪು ಕಂಕುಳಲ್ಲಿ ಹಿಡಿಯತೊಡಗಿತು. ಎಷ್ಟೋ ದರ್ಜಿಗಳು ಮಾಡುವುದನ್ನೇ ಅವ್ವನೂ ಮಾಡಿದಳು. ಆರ್ಮ್ ಹೋಲನ್ನು ಒಂದು ಇಂಚು ಕೆಳಕ್ಕೆ ಕತ್ತರಿಸಿ ತೋಳು ಜೋಡಿಸಿದಳು. ಹಿಡಿಯುವುದು ನಿಂತಿತು.

ಆದರೆ ತಂಗಿ ತರಗತಿಯಲ್ಲಿ ಗೊತ್ತಿರುವ ಉತ್ತರಕ್ಕೂ ಕೈ ಎತ್ತುವುದಿಲ್ಲ ಎಂದು ಅವಳ ಗೆಳತಿ ಬಂದು ಹೇಳಿದಳು. "ನೀನು ಓದೋದೇ ಇಲ್ಲ, ದಡ್ಡಿ" ಎಂದು ನಾನು ರೇಗಿದೆ. "ಉತ್ರ ಗೊತ್ತು ಕಣಣ್ಣ. ಕೈ ಎತ್ತಿದ್ರೆ ಬಟ್ಟೆಯೆಲ್ಲ ಮೇಲಕ್ಕೋಯ್ತದೆ" ಎಂದು ಅತ್ತಳು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ಅವ್ವ ಎರಡೂ ಪಕ್ಕ ಬಿಚ್ಚಿ ಲೂಸ್ ಮಾಡಿದಳು. ಉಪಯೋಗವಾಗಲಿಲ್ಲ. ಆಗ ಕಣ್ಣಿಗೆ ಬಿದ್ದದ್ದು ತಾತನ ಹಳೆಯ ಜುಬ್ಬ. ಹಕ್ಕಿಗಳು ಗೂಡು ಕಟ್ಟದ ಹುಣಸೆ ಮರಗಳಲ್ಲಿ ತಾತ ಗಳ ಎತ್ತಿ ಹಣ್ಣು ಬಡಿಯುವಾಗ ಆ ಜುಬ್ಬ ಮೇಲಕ್ಕೇಳುತ್ತಿರಲಿಲ್ಲ. ತಿರುಗಿಸಿ ನೋಡಿದರೆ ಕಂಕುಳಲ್ಲಿ ಒಂದು ಚೌಕ ತುಂಡು! ನೇರ ತುಂಡುಗಳಲ್ಲಿ ಕತ್ತರಿಸಿದ ಜುಬ್ಬದಲ್ಲಿ ಕೈ ಆಡಲು ಜಾಗ ಕೊಡುವುದು ಆ ಚೌಕವೇ.

ವಿಷಯ ಇಷ್ಟೇ. ಆರ್ಮ್ ಹೋಲ್ ಕೆಳಗಿಳಿದಷ್ಟೂ ತೋಳು ಮತ್ತು ಮೈ ಸೇರುವ ಹೊಲಿಗೆ ಪಕ್ಕೆಯ ಕಡೆ ಇಳಿಯುತ್ತದೆ. ಕೈ ಎತ್ತಿದಾಗ ಆ ಹೊಲಿಗೆ ಮೇಲೇಳುತ್ತದೆ, ತನ್ನ ಜೊತೆ ಇಡೀ ಟಾಪನ್ನೂ ಎಳೆಯುತ್ತದೆ. ಹೊಲಿಗೆ ಕಂಕುಳಿಗೆ ಹತ್ತಿರವಿದ್ದರೆ ಕೈ ಏಳುತ್ತದೆ, ಬಟ್ಟೆ ಇದ್ದಲ್ಲೇ ಇರುತ್ತದೆ. ಸೊಂಟದಲ್ಲಿ ಎಷ್ಟು ಲೂಸ್ ಕೊಟ್ಟರೂ ಈ ತೊಂದರೆ ಹೋಗದು.

ಕತ್ತರಿಸಿದ ಬಟ್ಟೆಯನ್ನು ಮತ್ತೆ ಸೇರಿಸಲಾಗದು. ಅದಕ್ಕೇ ಅವ್ವ ಮಿಕ್ಕ ಬಟ್ಟೆಯಲ್ಲಿ 4 ಇಂಚಿನ ಚೌಕ ತುಂಡುಗಳನ್ನು ಕತ್ತರಿಸಿಕೊಂಡಳು. ಕಂಕುಳಿನ ಹೊಲಿಗೆ ಬಿಚ್ಚಿ, ಚೌಕದ ಒಂದು ಮೂಲೆ ತೋಳಿನ ಕಡೆ, ಎದುರು ಮೂಲೆ ಪಕ್ಕೆಯ ಕಡೆ, ಉಳಿದೆರಡು ಎದೆ ಮತ್ತು ಬೆನ್ನಿನ ಕಡೆ ಬರುವಂತೆ ಕೂರಿಸಿದಳು. ತಂಗಿ ಅದನ್ನು ಹಾಕಿಕೊಂಡು, ಎರಡೂ ಕೈ ಎತ್ತಿ ಅಟ್ಟದ ಮೇಲಿದ್ದ ಮೊರ ಇಳಿಸಿ ತೋರಿಸಿದಳು. ಟಾಪು ಕದಲಲಿಲ್ಲ.

ಮರುವರ್ಷ ಪೇಪರ್ ಕಟಿಂಗನ್ನೇ ಬದಲಿಸಿದೆವು. ಆರ್ಮ್ ಹೋಲ್ ಕಂಕುಳಿಗಿಂತ ಒಂದು ಇಂಚಷ್ಟೇ ಕೆಳಗೆ. ತೋಳಿನ ಮೇಲಿನ ಕಮಾನು ಸ್ವಲ್ಪ ತಗ್ಗು, ತೋಳಿನ ಸುತ್ತಳತೆ ಸ್ವಲ್ಪ ಜಾಸ್ತಿ. ಮೊದಲು ಹಳೆಯ ಸೀರೆಯ ತುಂಡಿನಲ್ಲಿ ಹೊಲಿದು ನೋಡಿ, ಆಮೇಲೆ ಹೊಸ ಬಟ್ಟೆಗೆ ಕತ್ತರಿ ಹಾಕಿದೆವು. ಅಲ್ಲಿಂದಾಚೆ ಅವ್ವ ಹೊಲಿದ ಹುಡುಗಿಯರ ಸಮವಸ್ತ್ರಗಳೆಲ್ಲ ಹೀಗೆಯೇ.

ನನ್ನ ಈಗಿನ ಕೆಲಸದಲ್ಲೂ ಇದನ್ನೇ ಕಾಣುತ್ತೇನೆ. ತೊಂದರೆ ಕಾಣಿಸುವ ಜಾಗ ಒಂದು, ಅದರ ಕಾರಣವಿರುವ ಜಾಗ ಇನ್ನೊಂದು.

ತಂದೆತಾಯಿಯರಲ್ಲಿ, ಹೊಲಿಯುವ ಅಕ್ಕಂದಿರಲ್ಲಿ ನನ್ನದೊಂದು ಕೋರಿಕೆ. ಮಕ್ಕಳ ಸಮವಸ್ತ್ರ ಹೊಲಿಯುವಾಗ ಪಕ್ಕಗಳಲ್ಲಿ ಒಂದು ಇಂಚು, ಕೆಳಗಿನ ಮಡಿಕೆಯಲ್ಲಿ ಎರಡು ಇಂಚು ಮಾರ್ಜಿನ್ ಬಿಡಿ. ಮಕ್ಕಳು ಬೆಳೆದಂತೆ ಬಿಚ್ಚಿಕೊಳ್ಳಬಹುದು. ಕೊಡುವ ಮೊದಲು ಹಾಕಿಸಿ, ಕೈ ಎತ್ತಿಸಿ, ನೆಲದ ಮೇಲೆ ಕೂರಿಸಿ, ಸೈಕಲ್ ಹಿಡಿಯುವಂತೆ ಕೈ ಮುಂದೆ ಚಾಚಿಸಿ ನೋಡಿ. ಎಲ್ಲಾದರೂ ಹಿಡಿಯುತ್ತದೆಯೇ ಎಂದು ಮಗುವನ್ನೇ ಕೇಳಿ.

ತಂಗಿ ಇವತ್ತು ಈ ಸಭೆಯಲ್ಲಿ ಕೂತಿದ್ದಾಳೆ. ಅವಳಿಗೆ ಅಂದು ಹೇಳಬೇಕಿದ್ದ ಮಾತನ್ನು ಈಗ ಹೇಳುತ್ತೇನೆ: ತಪ್ಪಾಯ್ತು ಕಣವ್ವ, ದಡ್ಡ ನಾನೇ.