ಗುಂಡು ಹೊಡೆದು ಕಲಿಯುವ ವಿದ್ಯೆ



ಇಳಕಲ್ಲಿನ ಗ್ರಾನೈಟ್ ಗಣಿಗಳಲ್ಲಿ ದುಡಿದವರಿಗೆ ಗೊತ್ತು: ಸುತ್ತಿಗೆ ಬೀಳುವುದು ಮೇಲೆ, ಬಿರುಕು ಓಡುವುದು ಒಳಗೆ. ಏಟು ಕಲ್ಲಿನೊಳಗೆ ಅಲೆಯಾಗಿ ಸಾಗುತ್ತದೆ. ಆ ಅಲೆ ಕಲ್ಲಿನಲ್ಲಿ ಶಬ್ದ ಸಾಗುವುದಕ್ಕಿಂತಲೂ ವೇಗವಾದರೆ ಅದೇ ಆಘಾತ ತರಂಗ.

ಇದನ್ನು ಅಳೆಯಲು ವಿಜ್ಞಾನಿಗಳು ಬಂದೂಕನ್ನೇ ಉಪಕರಣ ಮಾಡಿಕೊಂಡರು. ಬಿಲ್ಲೆಯೊಂದನ್ನು ಹಾರಿಸಿ ಲೋಹಕ್ಕೋ ಕಲ್ಲಿಗೋ ಬಡಿಸುತ್ತಾರೆ. ಲೇಸರ್ ಕಿರಣ ಅದರ ಕದಲಿಕೆಯನ್ನು ದಾಖಲಿಸುತ್ತದೆ. ಆದರೆ ಮದ್ದು ಉರಿದು ಬರುವ ಅನಿಲ ಭಾರವಾದದ್ದು; ಅದರಿಂದ ಸಿಗುವ ವೇಗಕ್ಕೆ ಮಿತಿಯುಂಟು. ಅದಕ್ಕಾಗಿ 1940ರ ದಶಕದಲ್ಲಿ ಹಗುರ ಅನಿಲದ ಬಂದೂಕು ಬಂತು. ಇದರಲ್ಲಿ ಮದ್ದು ಪಿಸ್ಟನ್ನನ್ನು ನೂಕುತ್ತದೆ, ಪಿಸ್ಟನ್ ಜಲಜನಕವನ್ನು ಹಿಂಡುತ್ತದೆ, ಜಲಜನಕ ಗುಂಡನ್ನು ಸೆಕೆಂಡಿಗೆ 7 ಕಿಲೋಮೀಟರ್ ವೇಗಕ್ಕೂ ಒಯ್ಯಬಲ್ಲದು.

ಇಂಥ ಯಂತ್ರ ನಮ್ಮ ಕಾಲೇಜುಗಳಿಗೆ ಎಟುಕದು ನಿಜ. ಆದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕೆ.ಪಿ.ಜೆ. ರೆಡ್ಡಿ ಅವರು ಕೈಯಿಂದಲೇ ನಡೆಸುವ ‘ರೆಡ್ಡಿ ಟ್ಯೂಬ್’ ರೂಪಿಸಿದರು. ಅದಕ್ಕೆ ಗುಂಡೂ ಬೇಡ, ಮದ್ದೂ ಬೇಡ. ಸೈಕಲ್ ಪಂಪಿನಂತೆ ಪಿಸ್ಟನ್ ನೂಕಿದರೆ, ಒತ್ತಿದ ಗಾಳಿ ತೆಳುಪರದೆಯನ್ನು ಹರಿದು ಆಘಾತ ತರಂಗವಾಗಿ ಹೊರಡುತ್ತದೆ.

ಯಂತ್ರ ಹೊಸದಾಗುವುದೆಂದರೆ ದೊಡ್ಡದಾಗುವುದಷ್ಟೇ ಅಲ್ಲ, ಹತ್ತಿರವಾಗುವುದೂ ಹೌದು. ಕಲ್ಲಿಗೆ ಏಟು ಹಾಕಬಲ್ಲ ನಾಡಿದು. ಇಲ್ಲಿಯ ಮಕ್ಕಳು ಆ ಏಟನ್ನು ಅಳೆಯಲೂ ಕಲಿಯಲಿ.