ಶಾರ್ಟೇಜ್ ಪಟ್ಟಿಯ ಮಕ್ಕಳು

(ಸಿರವಾರದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸ ಅಂದರೆ ಶರಣರ ಬಗ್ಗೆ, ದಾಸರ ಬಗ್ಗೆ, ಇಲ್ಲವೇ ಏಕೀಕರಣದ ಬಗ್ಗೆ ಮಾತಾಡುವುದು ನಮ್ಮಲ್ಲಿ ರೂಢಿ. ನಾನು ಕಾಲೇಜಿನ ನೋಟಿಸ್ ಬೋರ್ಡಿಗೆ ಅಂಟಿಸುವ ಒಂದು ಹಾಳೆಯ ಬಗ್ಗೆ ಮಾತಾಡುತ್ತೇನೆ. ದಾಸರು ನಡುವೆ ಬರುತ್ತಾರೆ. ಅವರನ್ನು ಬಿಟ್ಟು ಈ ಸೀಮೆಯಲ್ಲಿ ಯಾವ ಮಾತೂ ಪೂರ್ತಿಯಾಗುವುದಿಲ್ಲ.

ಆ ಹಾಳೆಗೆ ಹುಡುಗರು ಕರೆಯುವ ಹೆಸರು ಶಾರ್ಟೇಜ್ ಲಿಸ್ಟ್. ಸೆಮಿಸ್ಟರ್ ಕೊನೆಯಲ್ಲಿ, ಹಾಲ್ ಟಿಕೆಟ್ ಬರುವ ಮುಂಚೆ, ಶೇಕಡಾ 75 ಹಾಜರಾತಿ ಇಲ್ಲದವರ ಹೆಸರುಗಳನ್ನು ಅದರಲ್ಲಿ ಬರೆದಿರುತ್ತಾರೆ. ಅದನ್ನು ಓದುವವರೆಲ್ಲ ಒಂದೇ ತೀರ್ಮಾನಕ್ಕೆ ಬರುತ್ತಾರೆ: ಇವರು ತಿರುಗಾಡಿದವರು, ಸಿನಿಮಾ ನೋಡಿದವರು, ಬಸ್ ಸ್ಟ್ಯಾಂಡಿನಲ್ಲಿ ಕೂತವರು. ಅಂಥವರೂ ಇರುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಸಿರವಾರ, ಮಾನ್ವಿ, ದೇವದುರ್ಗದ ಕಡೆಯ ಹುಡುಗರಿಗೆ ಪಾಠ ಮಾಡಿದ ಯಾರನ್ನಾದರೂ ಕೇಳಿ ನೋಡಿ. ಪಟ್ಟಿಯಲ್ಲಿರುವ ಹೆಸರುಗಳಿಗೂ ಊರಿನ ಕೃಷಿ ಪಂಚಾಂಗಕ್ಕೂ ಇರುವ ನಂಟನ್ನು ಅವರು ಬೆರಳು ಮಡಚಿ ಹೇಳುತ್ತಾರೆ.

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಕೂಡಲೇ ನಾಟಿ ಶುರು. ಕೊನೆ ಭಾಗದ ನಮ್ಮ ಹೊಲಗಳಿಗೆ ನೀರು ಯಾವಾಗ ಮುಟ್ಟುತ್ತದೋ ಅದೇ ನಮಗೆ ಮುಹೂರ್ತ, ಕಾಲೇಜಿನ ವೇಳಾಪಟ್ಟಿಯನ್ನು ಅದು ಕೇಳುವುದಿಲ್ಲ. ಅಕ್ಟೋಬರ್ ಕಳೆದರೆ ಹತ್ತಿ ಬಿಡಿಸುವ ಕೆಲಸ ಜನವರಿಯವರೆಗೂ ಎಳೆಯುತ್ತದೆ. ಅದರ ಬೆನ್ನಿಗೆ ಮೆಣಸಿನಕಾಯಿ. ಮಳೆ ಕೈಕೊಟ್ಟ ವರ್ಷ ಮನೆಮಂದಿ ಗುಳೆ ಹೊರಟರೆ ಬೆಂಗಳೂರು, ಹೈದರಾಬಾದು, ಪುಣೆ. ಮನೆ ಕಾಯಲು, ಮುದುಕರನ್ನು ನೋಡಲು, ಚಿಕ್ಕ ತಮ್ಮನನ್ನು ಸಾಲೆಗೆ ಕಳಿಸಲು ಹಿಂದೆ ಉಳಿಯುವವಳು ಬಿ.ಎ. ಎರಡನೇ ವರ್ಷದ ಹುಡುಗಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಎಷ್ಟು ಮನೆಗಳಲ್ಲಿ ಆ ವರ್ಷದ ಫೀಜಿನ ಲೆಕ್ಕ ಮತ್ತೆ ಹಾಕಬೇಕಾಯಿತು ಅನ್ನುವುದು ಇಲ್ಲಿ ಕೂತವರಿಗೆ ನಾನು ಹೇಳಬೇಕಾಗಿಲ್ಲ.

ಇದರ ಮೇಲೆ ಸಾವು, ಬೇನೆ, ಬಾಣಂತನ. ಒಂದು ಸೆಮಿಸ್ಟರ್‌ಗೆ 90 ದಿನ ಪಾಠ ಅಂತ ಹಿಡಿಯಿರಿ. ಶೇಕಡಾ 25 ಅಂದರೆ 22 ದಿನ. ಅಪ್ಪ ತೀರಿಕೊಂಡರೆ ದಿನಕರ್ಮ ಮುಗಿಯುವುದರೊಳಗೆ ಅದರಲ್ಲಿ ಅರ್ಧ ಹೋಯಿತು. ವಾರಸಾ ಪತ್ರ, ಬ್ಯಾಂಕಿನ ಸಾಲ, ಪಹಣಿಯಲ್ಲಿ ಹೆಸರು ಬದಲಾವಣೆ ಅಂತ ತಹಶೀಲ್ದಾರ್ ಕಚೇರಿಗೆ ತಿರುಗುವವನು ಹಿರಿಮಗ, ಉಳಿದರ್ಧ ಅಲ್ಲಿಗೆ. ಕ್ಷಯರೋಗವಾದರೆ ಔಷಧಿಯೇ ಆರು ತಿಂಗಳು. ಹೆರಿಗೆಗೆ ಕಾನೂನು ನೌಕರಿ ಮಾಡುವ ಹೆಣ್ಣುಮಕ್ಕಳಿಗೆ 26 ವಾರದ ರಜೆ ಕೊಟ್ಟಿದೆ, ಓದುವ ಹೆಣ್ಣುಮಗಳು ಆ ಕಾನೂನಿನೊಳಗೆ ಬರುವುದಿಲ್ಲ. ಪಿಎಚ್.ಡಿ. ಮಾಡುವವರಿಗೆ ಯುಜಿಸಿ 240 ದಿನಗಳ ರಜೆಯನ್ನು ನಿಯಮದಲ್ಲೇ ಬರೆದಿದೆ. ಪದವಿ, ಸ್ನಾತಕೋತ್ತರದ ಹುಡುಗಿಯರಿಗೂ ಹಾಜರಾತಿಯಲ್ಲಿ ಸಡಿಲಿಕೆ ಕೊಡಿ ಅಂತ 2021ರ ಡಿಸೆಂಬರಿನಲ್ಲಿ ಎಲ್ಲ ಕುಲಪತಿಗಳಿಗೆ ಪತ್ರವನ್ನೂ ಬರೆಯಿತು. ಆದರೆ ನಿಯಮವೇ ಇರುವ ಪಿಎಚ್.ಡಿ. ಮುಟ್ಟುವ ಹೊತ್ತಿಗೆ ನಮ್ಮ ಕಡೆ ಹೆಣ್ಣುಮಗಳ ಎರಡನೇ ಮಗು ಅಂಗನವಾಡಿಗೆ ಹೋಗುತ್ತಿರುತ್ತದೆ. ಲಗ್ನ ಆಗುವುದು ಪದವಿಯ ನಡುವೆ. ರಜೆ ಬೇಕಾಗುವುದೂ ಆಗಲೇ.

ಶಾರ್ಟೇಜ್ ಆದವರಿಗೆ ಮಾಫಿ ಇಲ್ಲವೇ ಇಲ್ಲ ಅಂತಲ್ಲ. ಕಾಯಿಲೆಯ ಕಾರಣಕ್ಕೆ ಅಷ್ಟಿಷ್ಟು ಕೊರತೆಯನ್ನು ಮನ್ನಿಸುವ ಅಧಿಕಾರ ವಿಶ್ವವಿದ್ಯಾಲಯಗಳ ನಿಯಮದಲ್ಲಿದೆ. ಕೇಳುವುದು ಒಂದೇ ಕಾಗದ, ಡಾಕ್ಟರ ಸರ್ಟಿಫಿಕೇಟ್. ಕಥೆ ಕೆಡುವುದು ಅಲ್ಲೇ. ಹುಡುಗಿ ಬಂದು ನಿಲ್ಲುತ್ತಾಳೆ: “ಅಪ್ಪ ತೀರಿಕೊಂಡಾರ್ರಿ ಸರ್. ಹತ್ತಿ ಬಿಡಸಾಕ ಆಳು ಸಿಗವಲ್ರು, ಸಿಕ್ರ ಕೆಜಿ ಲೆಕ್ಕದಾಗ ಭಾಳ ಕೇಳ್ತಾರ. ನಾನು, ಅವ್ವ ಇಬ್ರ ಬಿಡಿಸೀವಿ.” ಗುಮಾಸ್ತ ಕೇಳುತ್ತಾನೆ: “ಅದೆಲ್ಲ ಖರೆ, ಮೆಡಿಕಲ್ ತಂದೀಯೇನವ್ವ?” ಅವನು ಕೆಟ್ಟವನಲ್ಲ. ಅವನ ಕೈಯಲ್ಲಿರುವ ನಮೂನೆಯಲ್ಲಿ ಹತ್ತಿಗೆ ಜಾಗವಿಲ್ಲ. ಮೂರನೇ ದಿನ ಆ ಹುಡುಗಿ ಕಾಮಾಲೆ ಆಗಿತ್ತೆಂದು ಬರೆಸಿದ ಚೀಟಿ ಹಿಡಿದು ಬರುತ್ತಾಳೆ. ಅರ್ಜಿ ಮಂಜೂರು. ಖರೆ ಹೇಳಿದಾಗ ಮುಚ್ಚಿದ್ದ ಬಾಗಿಲು ಸುಳ್ಳಿಗೆ ತೆರೆಯಿತು. ಮೂರು ವರ್ಷದ ಪದವಿಯಲ್ಲಿ ಆಕೆ ಕಲಿತ ಪಾಠಗಳಲ್ಲಿ ಜೀವನಪೂರ್ತಿ ಮರೆಯದೇ ಇರುವುದು ಇದೊಂದೇ ಇರಬಹುದು. ಇಂಥ ಚೀಟಿಗಳನ್ನು ನೋಡಿಯೂ ಸುಮ್ಮನಿದ್ದ ಪೀಳಿಗೆ ನಮ್ಮದು. ಹುಡುಗರು ಸುಳ್ಳು ಹೇಳುತ್ತಾರೆ ಅಂತ ದೂರುವ ಹಕ್ಕು ನಮಗೆ ಉಳಿದಿಲ್ಲ.

2020ರಲ್ಲಿ ಕೋವಿಡ್ ಬಂದಾಗ ಏನಾಯಿತು, ನೆನಪು ಮಾಡಿಕೊಳ್ಳಿ. ಅಂತಿಮ ವರ್ಷದವರನ್ನು ಬಿಟ್ಟು ಉಳಿದವರನ್ನು ಪರೀಕ್ಷೆಯಿಲ್ಲದೇ ಮುಂದಿನ ಸೆಮಿಸ್ಟರ್‌ಗೆ ಕಳಿಸಿದರು. ಅಲ್ಲಿಯವರೆಗೆ ಒಂದು ಅಸೈನ್‌ಮೆಂಟಿನ ಕೊನೆ ದಿನ ಮುಂದೂಡಲು ನಿಯಮ ಒಪ್ಪುವುದಿಲ್ಲ ಎನ್ನುತ್ತಿದ್ದವರೇ ಒಂದು ಸುತ್ತೋಲೆಯಲ್ಲಿ ಇಡೀ ರಾಜ್ಯದ ಪರೀಕ್ಷೆಯನ್ನು ಕೈಬಿಟ್ಟರು. ಎಲ್ಲರ ಮನೆಗೂ ಒಟ್ಟಿಗೆ ಕಷ್ಟ ಬಂದರೆ ನಿಯಮ ಬಾಗುತ್ತದೆ, ಒಬ್ಬಳ ಮನೆಗೆ ಬಂದರೆ ಬಾಗುವುದಿಲ್ಲ. ಆದರೆ ಅವತ್ತು ಬಾಗಿದ ರೀತಿ ಸರಿಯಿತ್ತೆಂದು ನಾನು ಒಪ್ಪುವುದಿಲ್ಲ. ಪರೀಕ್ಷೆ ಬರೆಯದೇ ದಾಟಿಹೋದ ಪಾಠಗಳು ಆ ಮಕ್ಕಳ ತಲೆಯಲ್ಲಿ ಖಾಲಿಯಾಗೇ ಉಳಿದವು. ಮುಂದಿನ ಸೆಮಿಸ್ಟರ್‌ನಲ್ಲಿ ಅರ್ಥಶಾಸ್ತ್ರ, ಲೆಕ್ಕಶಾಸ್ತ್ರ ಹೇಳಿಕೊಟ್ಟವರಿಗೆ ಅದು ಅನುಭವಕ್ಕೆ ಬಂದಿದೆ. ಕಷ್ಟದಲ್ಲಿರುವವರಿಗೆ ಅಂಕ ಕೊಡಬೇಡಿ, ವೇಳೆ ಕೊಡಿ. ನಾನು ಈ ಹೊತ್ತು ಹೇಳಲು ಬಂದಿರುವುದು ಇಷ್ಟೇ.

ಇನ್ನು ದಾಸರು. ಬ್ಯಾಗವಾಟದ ಶ್ರೀನಿವಾಸಾಚಾರ್ಯರು ದೊಡ್ಡ ಪಂಡಿತರು. ವಿಜಯದಾಸರು ಪ್ರಸಾದಕ್ಕೆ ಕರೆದಾಗ ತಡವಾಗಿ ಉಂಡರೆ ಹೊಟ್ಟೆನೋವು ಬರುತ್ತದೆಂದು ನೆಪ ಹೇಳಿದರಂತೆ. ನೆಪವೇ ನಿಜವಾಗಿ, ವಾಸಿಯಾಗದ ಹೊಟ್ಟೆನೋವು ಹತ್ತಿತು. ವಿಜಯದಾಸರು ಅವರನ್ನು ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರ ಬಳಿಗೆ ಕಳಿಸಿದರು. ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಅವರಿಗೆ ಧಾರೆಯೆರೆದರು ಅಂತ ಐತಿಹ್ಯ. ಆ ಪಂಡಿತರೇ ಮುಂದೆ ಮಾನ್ವಿಯ ಜಗನ್ನಾಥದಾಸರಾಗಿ ಹರಿಕಥಾಮೃತಸಾರ ಬರೆದರು. ಇದನ್ನು ಭಕ್ತಿಯಿಂದ ಕೇಳುವವರು ಕೇಳಲಿ, ನಾನು ಮೇಷ್ಟರ ಕಿವಿಯಿಂದ ಕೇಳುತ್ತೇನೆ. ಸಣ್ಣದೊಂದು ಸುಳ್ಳು ಹೇಳಿದವನೆಂದು ಗೋಪಾಲದಾಸರು ಬಾಗಿಲು ಹಾಕಲಿಲ್ಲ. ಹರಿಕಥಾಮೃತಸಾರವನ್ನು ತಾವೇ ಬರೆದು ಕೈಗಿಡಲೂ ಇಲ್ಲ. ವರ್ಷಗಳನ್ನು ಕೊಟ್ಟರು, ಬರೆಯುವ ಕೆಲಸವನ್ನು ಶಿಷ್ಯನಿಗೇ ಬಿಟ್ಟರು. ನಾವು ಕೇಳುತ್ತಿರುವುದು 40 ವರ್ಷ ಅಲ್ಲ, 40 ದಿನ.

ವೇಳೆ ಕೊಡುವುದನ್ನು ಬೇರೆಯವರು ಕಾಗದದ ಮೇಲೆ ತಂದಿದ್ದಾರೆ. ಅಮೆರಿಕದ ಕಾಲೇಜುಗಳಲ್ಲಿ ಸೆಮಿಸ್ಟರಿನ ಹೆಚ್ಚಿನ ಕೆಲಸ ಮುಗಿಸಿ ಕೊನೆಯಲ್ಲಿ ಕಷ್ಟಕ್ಕೆ ಸಿಕ್ಕವನಿಗೆ ‘ಅಪೂರ್ಣ’ ಅಂತ ಗ್ರೇಡ್ ಹಾಕುತ್ತಾರೆ. ಗೊತ್ತುಮಾಡಿದ ದಿನದೊಳಗೆ ಉಳಿದದ್ದನ್ನು ಮುಗಿಸಿದರೆ ಅದರ ಜಾಗಕ್ಕೆ ನಿಜವಾದ ಗ್ರೇಡ್ ಬರುತ್ತದೆ. ಬ್ರಿಟನ್ನಿನ ಹಲವು ವಿಶ್ವವಿದ್ಯಾಲಯಗಳು ಕೆಲವು ದಿನಗಳ ಮುಂದೂಡಿಕೆಗೆ ವಿದ್ಯಾರ್ಥಿಯ ಮಾತನ್ನೇ ನಂಬುತ್ತವೆ, ಸರ್ಟಿಫಿಕೇಟ್ ಕೇಳುವುದಿಲ್ಲ. ಅಷ್ಟು ದೂರ ಯಾಕೆ, ಕೇರಳದ ಕೊಚ್ಚಿನ್ ವಿಶ್ವವಿದ್ಯಾಲಯ 2023ರ ಜನವರಿಯಲ್ಲಿ ಮುಟ್ಟಿನ ಕಾರಣಕ್ಕೆ ಹುಡುಗಿಯರಿಗೆ ಹಾಜರಾತಿಯಲ್ಲಿ ಶೇಕಡಾ 2ರ ರಿಯಾಯಿತಿ ಕೊಟ್ಟಿತು, ಸರಕಾರ ಅದನ್ನು ರಾಜ್ಯದ ಉಳಿದ ವಿಶ್ವವಿದ್ಯಾಲಯಗಳಿಗೂ ಹಬ್ಬಿಸಿತು. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು, ಬರೆಯುವಾಗ ಬೆರಳು ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬನಿಗೆ ಶೇಕಡಾ 40ರ ಅಂಗವೈಕಲ್ಯ ಸರ್ಟಿಫಿಕೇಟ್ ಇಲ್ಲವೆಂಬ ಕಾರಣಕ್ಕೆ ಲಿಪಿಕಾರನನ್ನು ನಿರಾಕರಿಸುವಂತಿಲ್ಲ ಎಂದಿತು. ಹಾಜರಾತಿ ಕೊರತೆಗೆ ಪರೀಕ್ಷೆಗೆ ಕೂರಿಸದ ಮೇಲೆ ದಿಲ್ಲಿಯಲ್ಲಿ ಕಾನೂನು ಓದುತ್ತಿದ್ದ ಹುಡುಗನೊಬ್ಬ 2016ರಲ್ಲಿ ಜೀವ ಕಳೆದುಕೊಂಡ. ಆ ಪ್ರಕರಣದಲ್ಲಿ ದಿಲ್ಲಿ ಹೈಕೋರ್ಟು 2025ರ ನವೆಂಬರಿನಲ್ಲಿ, ಹಾಜರಾತಿ ಕಡಿಮೆ ಅಂತ ಕಾನೂನು ವಿದ್ಯಾರ್ಥಿಗಳನ್ನು ಪರೀಕ್ಷೆಯಿಂದ ತಡೆಯಬಾರದೆಂದು ಹೇಳಿತು. ತೀರ್ಪು ಬರಲು ಒಂಬತ್ತು ವರ್ಷ ಹಿಡಿಯಿತು.

ಅವನೊಬ್ಬನೇ ಅಲ್ಲ. 2022ನೇ ಒಂದೇ ವರ್ಷದಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಬರೆದಿದೆ. ಎಲ್ಲದಕ್ಕೂ ಹಾಜರಾತಿಯೇ ಕಾರಣ ಅನ್ನುವಷ್ಟು ಹಗುರ ಮಾತು ನಾನಾಡುವುದಿಲ್ಲ. 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟು, 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯಲ್ಲೂ ತರಬೇತಿ ಪಡೆದ ಆಪ್ತಸಮಾಲೋಚಕರು ಒಬ್ಬರಾದರೂ ಇರಲೇಬೇಕೆಂದು ಅಪ್ಪಣೆ ಮಾಡಿದೆ. ಖಾಯಂ ಅಧ್ಯಾಪಕರೇ ಸಾಲದ ನಮ್ಮ ತಾಲೂಕಿನ ಕಾಲೇಜುಗಳಿಗೆ ಅವರು ಎಂದು ಬರುತ್ತಾರೋ ನೋಡಬೇಕು.

ಈ ಪಟ್ಟಿ ನಮ್ಮ ಮಕ್ಕಳಿಂದ ಕಸಿಯುವುದೇನು ಅಂತಲೂ ನೋಡಿ. ಸಂವಿಧಾನದ 371(ಜೆ) ವಿಧಿಯಿಂದ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಈ ಭಾಗದ ಸಂಸ್ಥೆಗಳಲ್ಲಿ ಶೇಕಡಾ 70ರಷ್ಟು ಸೀಟು ಬಂತು. ಕಲಬುರಗಿಯ ದೂರ ತಪ್ಪಲೆಂದು ಯರಗೇರಾದಲ್ಲಿ ನಮ್ಮದೇ ವಿಶ್ವವಿದ್ಯಾಲಯ ಬಂತು, ಈಗ ಅದು ಮಹರ್ಷಿ ವಾಲ್ಮೀಕಿಯ ಹೆಸರು ಹೊತ್ತಿದೆ. ಹೋರಾಟ ಮಾಡಿ ತಂದ ಸೀಟಿನಿಂದ 22 ದಿನಗಳ ಲೆಕ್ಕಕ್ಕೆ ಮಗುವನ್ನು ಎಬ್ಬಿಸಿ ಕಳಿಸುವುದು ಯಾವ ನ್ಯಾಯ? ಶಾರ್ಟೇಜ್ ಆದವರ ಪಾಡು ಆ ಸೆಮಿಸ್ಟರಿಗೇ ನಿಲ್ಲುವುದಿಲ್ಲ. ಅದೇ ಪತ್ರಿಕೆಗಳು ಮತ್ತೆ ಬರಲು ವರ್ಷ ಕಾಯಬೇಕು. ಅಷ್ಟರಲ್ಲಿ ವಿದ್ಯಾರ್ಥಿವೇತನ ನಿಲ್ಲುತ್ತದೆ, ಹಾಸ್ಟೆಲ್ಲಿನ ಮಂಚ ಇನ್ನೊಬ್ಬರಿಗೆ ಹೋಗುತ್ತದೆ. ಹುಡುಗಿಯಾದರೆ ಖಾಲಿ ಕೂತ ಆ ವರ್ಷದಲ್ಲೇ ವರ ನೋಡಲು ಬರುತ್ತಾರೆ.

ಏನು ಮಾಡಬಹುದು ಅನ್ನುವುದರಲ್ಲಿ ದೊಡ್ಡ ವಿದ್ಯೆಯೇನಿಲ್ಲ. ಕನ್ನಡದಲ್ಲಿ ಒಂದು ಪುಟದ ಅರ್ಜಿ ಸಾಕು: ಏನು ಕಷ್ಟ, ಎಂದಿನಿಂದ ಎಂದಿನವರೆಗೆ, ಏನು ಬೇಕು. ಎರಡು ವಾರದವರೆಗೆ ವಿದ್ಯಾರ್ಥಿಯ ಮಾತನ್ನೇ ನಂಬಬೇಕು. ಅದಕ್ಕೆ ಮೀರಿದರೆ ಊರ ಸಾಲೆಯ ಹೆಡ್‌ಮಾಸ್ತರರದೋ ಆಶಾ ಕಾರ್ಯಕರ್ತೆಯದೋ ಸಹಿ ಸಾಕಾಗಬೇಕು. ಯಾರ ಮನೆಯಲ್ಲಿ ಏನಾಯಿತು ಅನ್ನುವುದು ಅವರಿಗೆ ಗೊತ್ತಿರುವಷ್ಟು ಪೇಟೆಯ ಡಾಕ್ಟರಿಗೆ ಗೊತ್ತಿರುವುದಿಲ್ಲ. ತಪ್ಪಿಹೋದ ಕಿರುಪರೀಕ್ಷೆಯನ್ನು ಬಂದ ಮೇಲೆ ಬರೆಸಬೇಕು, ಪೂರ್ತಿ ಅಂಕಕ್ಕೇ, ಅಷ್ಟೇ ಕಠಿಣ ಪ್ರಶ್ನೆಗಳಿಗೇ. ಸವಲತ್ತಿಗೆ ಮುಗಿಯುವ ದಿನ ಇರಲೇಬೇಕು. ಕೊನೆಯಿಲ್ಲದ ದಯೆ ಮಕ್ಕಳನ್ನು ಕಾಲೇಜಿನಿಂದ ಇನ್ನಷ್ಟು ದೂರ ಮಾಡುತ್ತದೆ ಅನ್ನುವುದನ್ನು ನಾನು ನೋಡಿದ್ದೇನೆ. ಅರ್ಜಿಯಲ್ಲಿದ್ದ ಕಾರಣ ಸ್ಟಾಫ್ ರೂಮಿನ ಚಹಾದ ಜೊತೆ ಹಂಚಿಕೆಯಾಗಬಾರದು. ಇದು ಬರೆದಷ್ಟು ಸುಲಭವಲ್ಲ ಅಂತ ಸ್ಟಾಫ್ ರೂಮಿನಲ್ಲಿ ಕೂತವರಿಗೆಲ್ಲ ಗೊತ್ತು.

ಎಲ್ಲರೂ ಅಪ್ಪ ಸತ್ತನೆಂದೇ ಬರೆಯುತ್ತಾರಲ್ಲ ಅಂತ ಕೇಳುವವರುಂಟು. ಈಗ ಎಲ್ಲರಿಗೂ ಕಾಮಾಲೆ ಆಗುತ್ತಿದೆ, ಅದಕ್ಕಿಂತ ಕೆಟ್ಟದ್ದೇನೂ ಆಗಲಿಕ್ಕಿಲ್ಲ. ನನಗೆ ಭಾರ ಅನ್ನಿಸುವ ಆಕ್ಷೇಪ ಬೇರೆ. ಮತ್ತೊಮ್ಮೆ ಪ್ರಶ್ನೆಪತ್ರಿಕೆ ತೆಗೆಯುವವರು, ಹೆಚ್ಚಿನ ತರಗತಿ ತೆಗೆದುಕೊಳ್ಳುವವರು ಯಾರು? ಸರಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ಮುಂದಿನ ವರ್ಷದ ಕೆಲಸಕ್ಕೆ ಖಾತ್ರಿಯಿಲ್ಲದವರ ಮೇಲೆ ಪುಕ್ಕಟೆ ಕರುಣೆಯ ಹೊರೆ ಹೇರುವುದು ಇನ್ನೊಂದು ಅನ್ಯಾಯ. ಆ ತಾಸುಗಳಿಗೆ ಗೌರವಧನ ಕೊಡಬೇಕು, ವಿಶ್ವವಿದ್ಯಾಲಯ ಅದಕ್ಕೊಂದು ಸುತ್ತೋಲೆ ಹೊರಡಿಸಬೇಕು. ಆದೇಶವಿಲ್ಲದೇ ಒಬ್ಬ ಒಳ್ಳೆಯ ಪ್ರಾಂಶುಪಾಲರ ಮನಸ್ಸಿನ ಮೇಲೆ ನಡೆಯುವ ಏರ್ಪಾಟು ಅವರ ವರ್ಗಾವಣೆಯ ಜೊತೆ ಹೋಗಿಬಿಡುತ್ತದೆ.

ವಿದ್ಯಾರ್ಥಿಗಳೇ, ಸುತ್ತೋಲೆ ಬರುವವರೆಗೆ ಕಾಯಬೇಡಿ. ಊರಿಗೆ ಹೋಗಲೇಬೇಕಾದ ದಿನ ಹೇಳದೇ ಹೋಗಬೇಡಿ. ಖರೆ ಕಾರಣವನ್ನೇ ಬರೆದು ಅರ್ಜಿ ಕೊಡಿ, ಒಂದು ಪ್ರತಿಗೆ ಕಚೇರಿಯ ಸೀಲು, ಸಹಿ, ತಾರೀಖು ಹಾಕಿಸಿಕೊಂಡು ಇಟ್ಟುಕೊಳ್ಳಿ. ನಂಬುವಂಥ ಒಬ್ಬ ಮೇಷ್ಟರ ಕಿವಿಗೂ ಹಾಕಿ. ಮನಸ್ಸಿಗೆ ತಡೆಯಲಾರದ ರಾತ್ರಿ ಬಂದರೆ 14416ಕ್ಕೆ ಫೋನ್ ಮಾಡಿ. ಅದು ಸರಕಾರದ ಟೆಲಿ-ಮಾನಸ್, ದುಡ್ಡು ಕೇಳುವುದಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ಪ್ರಾಂಶುಪಾಲರೇ, ಮುಂದಿನ ಸಲ ಆ ಪಟ್ಟಿಗೆ ಸಹಿ ಹಾಕುವ ಮುಂಚೆ ಒಂದು ವಾರ ತಡೆದು, ಅದರಲ್ಲಿರುವ ಒಬ್ಬೊಬ್ಬರ ಮನೆಗೂ ಫೋನ್ ಮಾಡಿಸಿ ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ.